ಅರ್ಕಾವತಿ ಬತ್ತಿದ್ದಕ್ಕೆ ಮಳೆಯನ್ನು ಬೈದದ್ದು

ಮಳೆ ನಿಜವಾಗಿಯೂ ಕಮ್ಮಿಯಾಗಿರುವ ಊರಲ್ಲಿ ನಾನಿದ್ದೇನೆ, ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಅಣ್ಣ ಇರುವುದು ದೊಡ್ಡಬಳ್ಳಾಪುರದ ಕಡೆ, ಅರ್ಕಾವತಿ ಹೊಳೆಯ ಸೀಮೆಯಲ್ಲಿ. ಫೋನ್ ಮಾಡಿದಾಗಲೆಲ್ಲ ಅವನದು ಒಂದೇ ಮಾತು: 'ಮೊದಲಿನ ಹಾಗೆ ಮಳೆ ಎಲ್ಲಿದೆ ಕಣೋ?'

ಇಲ್ಲಿಗೆ ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಅಂಗಳದ ಹುಲ್ಲಿಗೆ ಸ್ಪ್ರಿಂಕ್ಲರ್ ಹಾಕಿದ್ದೆ. ಪಕ್ಕದ ಮನೆಯ ಮುದುಕರು ಬೇಲಿಯಾಚೆಯಿಂದ ಇಣುಕಿ, 'ಇವತ್ತು ನಿಮ್ಮ ದಿನ ಅಲ್ಲ' ಎಂದರು. ಮನೆ ನಂಬರಿನ ಕೊನೆಯ ಅಂಕಿ ನೋಡಿ ವಾರಕ್ಕೆ ಎರಡೇ ದಿನ ಇಲ್ಲಿ ಸ್ಪ್ರಿಂಕ್ಲರ್ ಹಾಕಬಹುದು. ಮೀರಿದರೆ 100 ಡಾಲರ್ ದಂಡ. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ, ಅಂದರೆ ಇಲ್ಲಿ ಚಳಿಗಾಲವೂ ಮಳೆಗಾಲವೂ ಆದ ತಿಂಗಳುಗಳಲ್ಲಿ, ಪೂರ್ತಿ ಬಂದ್. ಮಳೆಯಲ್ಲಿ ಯಾರಪ್ಪ ನೀರು ಹಾಕ್ತಾರೆ ಅಂತ ನಗು ಬಂತು. ಸ್ಪ್ರಿಂಕ್ಲರನ್ನು ತಾನಾಗಿ ಆನ್ ಮಾಡುವ ಟೈಮರ್‌ಗೆ ಮಳೆ ಬರುತ್ತಿರುವುದು ಗೊತ್ತಾಗುವುದಿಲ್ಲ, ಅಷ್ಟೇ.

'ಬರಗಾಲವಾ?' ಅಂತ ಕೇಳಿದೆ. 'ಅಲ್ಲ, ಈಗ ಇಷ್ಟೇ ಮಳೆ' ಎಂದರು. ಆ ಉತ್ತರ ನನ್ನ ತಲೆಯಲ್ಲಿ ಕೂತುಬಿಟ್ಟಿತು. ನಮ್ಮಲ್ಲಿ ಬರ ಅಂದರೆ ಬಂದು ಹೋಗುವ ನೆಂಟ, ಅಲ್ವಾ?

1970ರ ದಶಕದ ನಡುವಿನಿಂದ ಇಲ್ಲಿ ಚಳಿಗಾಲದ ಮಳೆ ಸುಮಾರು ಐದರಲ್ಲೊಂದು ಪಾಲು ಇಳಿದಿದೆ. ಆದರೆ ಅಣೆಕಟ್ಟುಗಳಿಗೆ ಹರಿದು ಬರುವ ನೀರು ಐದರಲ್ಲೊಂದು ಪಾಲು ಮಾತ್ರ ಉಳಿದಿದೆ. ಎರಡೂ ಒಂದೇ ಅಲ್ಲ, ಇನ್ನೊಮ್ಮೆ ಓದಿ. ಒಣಗಿದ ನೆಲ ಮೊದಲು ತನ್ನ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಅಂತರ್ಜಲ ಹಳ್ಳದ ತಳಕ್ಕಿಂತ ಕೆಳಗೆ ಇಳಿದರೆ ಹಳ್ಳಕ್ಕೆ ಜಿನುಗುವ ನೀರೂ ನಿಲ್ಲುತ್ತದೆ. ಮಳೆ ಸ್ವಲ್ಪ ಇಳಿದರೆ ಹರಿವು ಜಾಸ್ತಿ ಇಳಿಯುತ್ತದೆ.

ಕಾರಣದ ಬಗ್ಗೆ ಇಲ್ಲೂ ಜಗಳವಿದೆ. ಭೂಮಿ ಬಿಸಿಯಾಗಿದ್ದು ಎನ್ನುವವರಿದ್ದಾರೆ. ಗೋಧಿ ಬೆಳೆಯಲು ಕಾಡು ಕಡಿದದ್ದಕ್ಕೂ ಪಾಲಿದೆ ಎನ್ನುವವರಿದ್ದಾರೆ. ಆದರೆ ಜಗಳ ಮುಗಿಯಲಿ ಎಂದು ಯಾರೂ ಕಾಯಲಿಲ್ಲ. 2006ರಲ್ಲಿ ಪರ್ತ್ ಪಕ್ಕದ ಕ್ವಿನಾನಾದಲ್ಲಿ ಸಮುದ್ರದ ನೀರು ಸಿಹಿ ಮಾಡುವ ಘಟಕ ಶುರುವಾಯಿತು. 2017ರಿಂದ ಚರಂಡಿ ನೀರನ್ನು ಪೂರ್ತಿ ಶುದ್ಧ ಮಾಡಿ ನೆಲದೊಳಕ್ಕೆ ಇಳಿಸುತ್ತಿದ್ದಾರೆ.

ಈಗ ಅಣ್ಣನ ಅರ್ಕಾವತಿಗೆ ಬರೋಣ. 1930ರ ದಶಕದಿಂದ ಬೆಂಗಳೂರಿಗೆ ನೀರು ಕೊಟ್ಟದ್ದು ಈ ಹೊಳೆಗೆ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯ. 1970ರ ದಶಕದ ನಂತರ ಒಳಹರಿವು ಕುಸಿಯುತ್ತಾ ಬಂತು. ಎಲ್ಲರೂ ಮಳೆಯನ್ನು ಬೈದರು. ಪರಿಸರದ ಅಧ್ಯಯನ ಮಾಡುವ ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ದಾಖಲೆ ತೆಗೆದು ನೋಡಿದರೆ, ಮಳೆ ಹಾಗೇನೂ ಕಮ್ಮಿಯಾಗಿರಲಿಲ್ಲ. ಅವರು ಮುಖ್ಯವಾಗಿ ಬೆರಳು ತೋರಿಸಿದ್ದು ಬೋರ್‌ವೆಲ್‌ಗಳ ಕಡೆ, ನೀಲಗಿರಿ ತೋಪುಗಳ ಕಡೆ. ಹಳ್ಳಗಳಿಗೆ ಹಾಕಿದ ಅಡ್ಡಗಟ್ಟೆಗಳದ್ದೂ ಒಂದಿಷ್ಟು ಪಾಲಿದೆ.

ಅಂದರೆ ಆಕಾಶ ಬದಲಾದ ಊರಿನವರು ನೆಲದ ಮೇಲೆ ಏನು ಮಾಡಬಹುದು ಎಂದು ಹುಡುಕಿದರು. ನೆಲದಲ್ಲೇ ತಪ್ಪು ಮಾಡಿದ ನಾವು ಆಕಾಶ ನೋಡಿಕೊಂಡು ಕೂತೆವು. ನನಗೆ ಸಿಟ್ಟು ಬರುವುದು ಇಲ್ಲೇ. ಮಳೆಯನ್ನು ಬೈದರೆ ಅದು ತಿರುಗಿ ಮಾತಾಡುವುದಿಲ್ಲ, ವೋಟೂ ಹಾಕುವುದಿಲ್ಲ. ಬೋರ್‌ವೆಲ್ ಲೆಕ್ಕ ಕೇಳಿ ನೋಡಿ, ಆಗ ಗೊತ್ತಾಗುತ್ತದೆ.

ರೈತರನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಕೆರೆ ಒಣಗಿದ ಮೇಲೆ ಅಣ್ಣನಿಗೆ ಬೇರೆ ದಾರಿ ಏನಿತ್ತು? ಅವನು ಬೆಳೆದ ದ್ರಾಕ್ಷಿ, ತರಕಾರಿ ತಿನ್ನುವುದು ಬೆಂಗಳೂರೇ. ಹೊಸದಾಗಿ ನೀಲಗಿರಿ ನೆಡಬಾರದು ಎಂದು ಸರ್ಕಾರ ಹೇಳಿದ್ದು 2017ರಲ್ಲಿ. ಅಷ್ಟು ಹೊತ್ತಿಗೆ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದ್ದವು.

2024ರ ಮಾರ್ಚ್‌ನಲ್ಲಿ ಬೆಂಗಳೂರಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದರು. ತಪ್ಪಲ್ಲ. ಆದರೆ ಅದು ಕೊಡ ಖಾಲಿಯಾದ ಮೇಲೆ ಬಂದ ನಿಯಮ. ಮುಂದೆ ಮಳೆ ಬಂತು, ಅಣೆಕಟ್ಟು ತುಂಬಿತು. ಅಕ್ಟೋಬರ್‌ನಲ್ಲಿ ದಿನಕ್ಕೆ 77.5 ಕೋಟಿ ಲೀಟರಿನ ಕಾವೇರಿ ಐದನೇ ಹಂತವೂ ಉದ್ಘಾಟನೆಯಾಯಿತು. ಮಾರ್ಚ್‌ನ ಮಾತು ಅಲ್ಲಿಗೇ ಮುಗಿಯಿತು.

ಪರ್ತ್‌ನವರೇನೂ ಸಂತರಲ್ಲ. ಮರಳು ನೆಲದಲ್ಲಿ ಹಸಿರು ಹುಲ್ಲಿನ ಹುಚ್ಚು ಇನ್ನೂ ಬಿಟ್ಟಿಲ್ಲ. ಒಂದೂವರೆ ಲಕ್ಷಕ್ಕೂ ಜಾಸ್ತಿ ಮನೆಗಳ ತೋಟದಲ್ಲಿ ಸ್ವಂತ ಬೋರ್ ಇದೆ. 2022ರವರೆಗೆ ಅವರಿಗೆ ಎರಡು ದಿನದ ಕಟ್ಟು ಇರಲಿಲ್ಲ, ಮೂರು ದಿನ ನೀರು ಬಿಡಬಹುದಿತ್ತು. ಅತ್ತ ಕೆರೆಗಳು ಕುಗ್ಗುತ್ತಿದ್ದವು. ಸಮುದ್ರದ ನೀರು ಸಿಹಿ ಮಾಡಲು ಕರೆಂಟು, ದುಡ್ಡು ಎರಡೂ ಸುರಿಯಬೇಕು. ಅದು ದೊಡ್ಡಬಳ್ಳಾಪುರಕ್ಕೆ ಆಗುವ ಕೆಲಸವಲ್ಲ. ಸಮುದ್ರವೂ ಇಲ್ಲ ಬಿಡಿ.

ಮೊನ್ನೆ ಅಣ್ಣ ಫೋನ್‌ನಲ್ಲಿ ಖುಷಿಯಾಗಿದ್ದ. 'ಕೆಆರ್‌ಎಸ್ ತುಂಬಿದೆ, 124 ಅಡಿ ಮುಟ್ಟಿತು' ಎಂದ. ಕೆಆರ್‌ಎಸ್ ಮಟ್ಟ ದಿನಾ ಪೇಪರಿನಲ್ಲಿ ಬರುತ್ತದೆ, ಎಲ್ಲರಿಗೂ ಬಾಯಿಪಾಠ. 'ನಿನ್ನ ಬೋರ್‌ನಲ್ಲಿ ನೀರು ಎಷ್ಟು ಅಡಿಗಿದೆ?' ಎಂದು ಕೇಳಿದೆ.

'ಅದನ್ನ ಯಾರು ಅಳೀತಾರೋ' ಎಂದ.