ಕ್ಯಾಮೆರಾದ ಬುಡದಲ್ಲಿ ಕತ್ತಲೆ

ನನ್ನ ಸೈಕಲ್ ಕಳುವಾಯಿತು. ಎಲ್ಲಿ ಅಂತ ಹೇಳಿದರೆ ನಗ್ತೀರಿ. ಸಿಸಿಟಿವಿ ಕಂಬದ ಬುಡದಲ್ಲಿ!

ಬೇಕಂತಲೇ ಅಲ್ಲಿ ನಿಲ್ಲಿಸಿದ್ದೆ. ಕಂಬಕ್ಕೇ ಸರಪಳಿ ಸುತ್ತಿ ಬೀಗ ಜಡಿದಿದ್ದೆ. ನೆತ್ತಿಯ ಮೇಲೆ ನಾಲ್ಕು ಕ್ಯಾಮೆರಾ, ದಿಕ್ಕಿಗೊಂದರಂತೆ. ಅದರ ಕೆಳಗೆ ಹಳದಿ ಬೋರ್ಡು: 'ನೀವು ಸಿಸಿಟಿವಿ ಕಣ್ಗಾವಲಿನಲ್ಲಿದ್ದೀರಿ.' ಓದಿದ ಮೇಲೆ ನನಗೆ ಧೈರ್ಯ ಬಂತು. ಕಳ್ಳನಿಗೂ ಬಂದಿರಬೇಕು. ಅರ್ಧ ಗಂಟೆ ಬಿಟ್ಟು ಬಂದರೆ ಕಂಬ ಇತ್ತು, ಬೋರ್ಡು ಇತ್ತು, ತುಂಡಾದ ಸರಪಳಿಯೂ ಇತ್ತು.

ಠಾಣೆಗೆ ಹೋದೆ. ಕ್ಯಾಮೆರಾ ಕೆಳಗೇ ಕದ್ದಿದ್ದಾನೆ, ಫುಟೇಜ್ ನೋಡಿದರೆ ಐದು ನಿಮಿಷದ ಕೆಲಸ ಅಂದೆ. ಅಲ್ಲಿದ್ದವರು ನನ್ನನ್ನು ಕನಿಕರದಿಂದ ನೋಡಿದರು.

"ಸಾರ್, ನಾಲ್ಕು ಕ್ಯಾಮೆರಾನೂ ದೂರ ನೋಡ್ತವೆ. ಕಂಬದ ಬುಡ ಯಾವುದಕ್ಕೂ ಕಾಣಲ್ಲ. ಅಲ್ಲಿ ಯಾಕೆ ನಿಲ್ಲಿಸಿದ್ರಿ?"

ದೀಪದ ಬುಡದಲ್ಲಿ ಕತ್ತಲೆ ಅನ್ನುವ ಗಾದೆ ಗೊತ್ತಿತ್ತು. ಅದನ್ನು ಸರಕಾರಿ ಖರ್ಚಿನಲ್ಲಿ ಕಂಬ ನೆಟ್ಟು ತೋರಿಸುತ್ತಾರೆ ಅಂತ ಗೊತ್ತಿರಲಿಲ್ಲ. ನನಗೆ ಗೊತ್ತಿಲ್ಲದ್ದು ಕಳ್ಳನಿಗೆ ಗೊತ್ತಿತ್ತು. ಅವನು ವೃತ್ತಿಪರ, ನಾನು ಬರೀ ತೆರಿಗೆದಾರ.

ಹಾಗಂತ ಅವರು ನನ್ನ ಕೈಬಿಡಲಿಲ್ಲ. ರಸ್ತೆಯ ಆಚೆ ಬದಿಯ ಕಂಬದ ಫುಟೇಜ್ ತೆಗೆಸಿದರು. ಎರಡು ಬೂದು ಬಣ್ಣದ ಮುದ್ದೆಗಳು ಅಲುಗಾಡುತ್ತಿದ್ದವು. ಒಂದು ಕಳ್ಳ, ಇನ್ನೊಂದು ಸೈಕಲ್. ಯಾವುದು ಯಾವುದು ಅಂತ ನಾನೇ ಊಹಿಸಿಕೊಳ್ಳಬೇಕಿತ್ತು. ಪರದೆಯ ಮೂಲೆಯಲ್ಲಿ ತಾರೀಖು: 1970, ಜನವರಿ 1. ರೆಕಾರ್ಡರ್ ಪೆಟ್ಟಿಗೆಯೊಳಗೆ ನಾಣ್ಯದಷ್ಟು ದೊಡ್ಡ ಬ್ಯಾಟರಿ ಒಂದಿರುತ್ತದೆ. ಅದು ಸತ್ತ ಮೇಲೆ ಒಮ್ಮೆ ಕರೆಂಟ್ ಹೋಗಿ ಬಂದರೆ ಸಾಕು, ಗಡಿಯಾರ ಎಲ್ಲಿಂದ ಎಣಿಕೆ ಶುರು ಮಾಡಿತ್ತೋ ಅಲ್ಲಿಗೇ ವಾಪಸ್. ದಾಖಲೆಯ ಪ್ರಕಾರ ನನ್ನ ಸೈಕಲ್ ತಯಾರಾಗುವುದಕ್ಕೆ ಮೊದಲೇ ಕಳುವಾಗಿದೆ.

ಮುಖವನ್ನು ದೊಡ್ಡದು ಮಾಡಿ ತೋರಿಸಿದರು. ಸಿನಿಮಾದಲ್ಲಾದರೆ 'ಝೂಮ್ ಮಾಡಿ' ಅಂದ ಕೂಡಲೇ ಕಳ್ಳನ ಮಚ್ಚೆ ಕೂಡ ಕಾಣುತ್ತದೆ. ಇಲ್ಲಿ ಝೂಮ್ ಮಾಡಿದಷ್ಟೂ ಚೌಕಗಳು ದಪ್ಪಗಾದವು. ಗುರುತು ಪರಿಚಯ ಇಲ್ಲದ ಒಬ್ಬನನ್ನು ಇವನೇ ಅಂತ ಹೇಳಬೇಕಾದರೆ ಚಿತ್ರದಲ್ಲಿ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಇರಬೇಕು ಅಂತ ಯುರೋಪಿನ 2015ರ ಮಾನದಂಡ ಹೇಳಿತ್ತು. ಅಂದರೆ ಒಂದು ಮುಖದ ಅಗಲಕ್ಕೆ ಸುಮಾರು 40 ಚುಕ್ಕಿ. ನಾನು ಪರದೆಯ ಹತ್ತಿರ ಹೋಗಿ ಎಣಿಸಿದೆ. ಆರು. ಅದರಲ್ಲಿ ನಡುವಿನ ಎರಡು ಮೂಗಿರಬೇಕು.

"ಇವನನ್ನ ಎಲ್ಲಾದರೂ ನೋಡಿದ್ದೀರಾ?"

"ಇದು ನಾನೂ ಆಗಿರಬಹುದು ಸಾರ್."

"ಹಾಗಾದ್ರೆ ಆ ಹೊತ್ತಿಗೆ ನೀವೆಲ್ಲಿದ್ರಿ?"

ತಾರೀಖು ನೋಡಿ, ನಾನಿನ್ನೂ ಹುಟ್ಟಿರಲಿಲ್ಲ ಅಂತ ಹೇಳಿ ತಪ್ಪಿಸಿಕೊಂಡೆ.

ಈ ಕ್ಯಾಮೆರಾ ಹುಟ್ಟಿದ ಕತೆಯೇ ಸೊಗಸಾಗಿದೆ. 1942ರಲ್ಲಿ ಜರ್ಮನಿಯವರು ರಾಕೆಟ್ ಹಾರಿಸಿ ನೋಡುತ್ತಿದ್ದರು. ಹತ್ತಿರ ನಿಂತು ನೋಡಿದರೆ ಸಾಯುವ ಅಪಾಯ. ಅದಕ್ಕೆ ಕ್ಯಾಮೆರಾ ಇಟ್ಟು, ತಂತಿ ಎಳೆದು, ದೂರದಲ್ಲಿ ಕೂತು ನೋಡಿದರು. ಅಪಾಯ ಇರುವಲ್ಲಿ ನಾವು ಇರಬಾರದು, ಆದರೆ ನೋಡಿದ ಹಾಗೂ ಆಗಬೇಕು. ಅಮೆರಿಕದ ಓಲಿಯನ್ ಎಂಬ ಸಣ್ಣ ಊರು 1968ರಲ್ಲಿ ಇದನ್ನು ತನ್ನ ಪೇಟೆಬೀದಿಗೆ ತಂದಿತು. ಆಮೇಲೆ ಜಗತ್ತಿನ ಊರುಗಳೆಲ್ಲ ಕಂಬ ನೆಟ್ಟವು. ಮೂಲ ಉದ್ದೇಶವನ್ನು ಮಾತ್ರ ಯಾರೂ ಬಿಟ್ಟಿಲ್ಲ. ಅಪಾಯ ಇರುವಲ್ಲಿ ಈಗಲೂ ಯಾರೂ ಇರುವುದಿಲ್ಲ.

ಇದಕ್ಕೂ ಹಿಂದೆ, 18ನೇ ಶತಮಾನದ ಕೊನೆಯಲ್ಲಿ, ಜೆರೆಮಿ ಬೆಂಥಮ್ ಎಂಬ ಇಂಗ್ಲಿಷ್ ಮೇಧಾವಿ ಒಂದು ಜೈಲಿನ ನಕ್ಷೆ ಬರೆದಿದ್ದ. ದುಂಡನೆಯ ಕಟ್ಟಡ, ಸುತ್ತ ಕೋಣೆಗಳು, ನಡುವೆ ಗೋಪುರ. ಗೋಪುರದಲ್ಲಿರುವ ಕಾವಲುಗಾರ ಕೈದಿಗಳಿಗೆ ಕಾಣುವುದಿಲ್ಲ. ಅವನು ನೋಡುತ್ತಿದ್ದಾನೋ, ನಿದ್ದೆ ಹೊಡೆಯುತ್ತಿದ್ದಾನೋ ಗೊತ್ತಾಗದ ಕಾರಣ ಎಲ್ಲರೂ ಸದಾ ತೆಪ್ಪಗಿರುತ್ತಾರೆ ಅನ್ನುವುದು ಲೆಕ್ಕ. ನಮ್ಮ ನಗರ ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಇಲ್ಲಿ ಯಾರೂ ನೋಡುತ್ತಿಲ್ಲ ಅಂತ ಎಲ್ಲರಿಗೂ ಖಚಿತವಾಗಿ ಗೊತ್ತಿದೆ. (ಬೆಂಥಮ್ಮನ ಅಸ್ಥಿಪಂಜರಕ್ಕೆ ಅವನದೇ ಬಟ್ಟೆ ತೊಡಿಸಿ ಲಂಡನ್ನಿನ ಕಾಲೇಜೊಂದರಲ್ಲಿ ಪೆಟ್ಟಿಗೆಯೊಳಗೆ ಕೂರಿಸಿದ್ದಾರೆ. 2015ರಲ್ಲಿ ಆ ಪೆಟ್ಟಿಗೆಯ ಮೇಲೂ ಒಂದು ಕ್ಯಾಮೆರಾ ಕೂತಿತು. ಸತ್ತ ಮೇಲೂ ಡ್ಯೂಟಿ.)

ನಾನು ಸುಮ್ನೆ ಬಿಡುವವನಲ್ಲ. ಕಂಟ್ರೋಲ್ ರೂಮ್ ನೋಡಬೇಕು ಅಂತ ಅರ್ಜಿ ಹಾಕಿದೆ, ಒಪ್ಪಿಗೆ ಸಿಕ್ಕಿತು. ಗೋಡೆ ತುಂಬ ಪರದೆಗಳು. ಅರವತ್ತರವರೆಗೆ ಎಣಿಸಿದೆ. ಎದುರಿಗೆ ಒಬ್ಬರೇ ಕೂತಿದ್ದರು. ಅವರು ನೋಡುತ್ತಿದ್ದದ್ದು ಅರವತ್ತೊಂದನೆಯದನ್ನು. ಅದು ಅವರ ಮೊಬೈಲು. ಅವರನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಏನೂ ನಡೆಯದ ಅರವತ್ತು ರಸ್ತೆಗಳನ್ನು ಎಂಟು ಗಂಟೆ ದಿಟ್ಟಿಸುವುದು ಮನುಷ್ಯರಿಗೆ ಕೊಡುವ ಕೆಲಸವೇ ಅಲ್ಲ. ಕಾಲು ಭಾಗ ಪರದೆಗಳಲ್ಲಿ ನೀಲಿ ಬಣ್ಣದ ಮೇಲೆ 'ನೋ ಸಿಗ್ನಲ್' ಅಂತ ಬರೆದಿತ್ತು. ಅವು ಯಾಕೆ ಹಾಗಿವೆ ಅಂದೆ. "ಅವು ನಿರ್ವಹಣೆಯ ಟೆಂಡರ್‌ನವು. ಹಾಕೋ ಟೆಂಡರ್ ಬೇರೆ, ನೋಡ್ಕೊಳ್ಳೋ ಟೆಂಡರ್ ಬೇರೆ" ಅಂದರು. ಎರಡನೆಯದನ್ನು ಇನ್ನೂ ಕರೆದಿಲ್ಲವಂತೆ.

ಉಳಿದವುಗಳಲ್ಲಿ ಒಂದರಲ್ಲಿ ಬಿಳೀ ಹಗ್ಗದಂಥದ್ದು ಅಡ್ಡಡ್ಡ ತೂಗಾಡುತ್ತಿತ್ತು. ಯಾರೋ ರಸ್ತೆಗೆ ಹಗ್ಗ ಕಟ್ಟಿದ್ದಾರೆ ಅಂದುಕೊಂಡೆ. ಜೇಡರ ಬಲೆ! ರಾತ್ರಿ ನೋಡಲು ಲೆನ್ಸಿನ ಸುತ್ತ ಇನ್‌ಫ್ರಾರೆಡ್ ದೀಪಗಳಿರುತ್ತವೆ. ಅಲ್ಲೇ ಜೇಡ ಬಲೆ ನೇಯುತ್ತದೆ. ಲೆನ್ಸಿಗೆ ಅಂಟಿಕೊಂಡಂತಿರುವ ಎಳೆಯ ಮೇಲೆ ಆ ಬೆಳಕು ಬಿದ್ದರೆ ಕೂದಲೆಳೆಯೂ ಹಗ್ಗವಾಗಿ ಕಾಣುತ್ತದೆ. ಏನಾದರೂ ಅಲುಗಾಡಿದರೆ ಮಾತ್ರ ರೆಕಾರ್ಡ್ ಮಾಡು ಅಂತ ಕ್ಯಾಮೆರಾಕ್ಕೆ ಹೇಳಿರುತ್ತಾರೆ. ಗಾಳಿಗೆ ಬಲೆ ಅಲುಗಾಡುತ್ತದೆ, ಕ್ಯಾಮೆರಾ ನಿಷ್ಠೆಯಿಂದ ಬರೆದುಕೊಳ್ಳುತ್ತದೆ. ಹಾರ್ಡ್ ಡಿಸ್ಕ್ ತುಂಬಿದ ಮೇಲೆ ಹಳೆಯದನ್ನು ಅಳಿಸಿ ಮತ್ತೆ ಬರೆಯುತ್ತದೆ. ಕಳ್ಳನನ್ನು ಅಳಿಸಿ ಜೇಡನನ್ನು ಬರೆಯುತ್ತದೆ. ಪತ್ರಿಕೆಯವರು ಇದನ್ನೇ 'ಹದ್ದಿನ ಕಣ್ಣು' ಅಂತ ಬರೆಯುವುದು. ಸಾಮಾನ್ಯವಾಗಿ ಜೇಡಕ್ಕೆ ಎಂಟು ಕಣ್ಣು, ನಮ್ಮ ಕಂಬಕ್ಕೆ ನಾಲ್ಕು. ಕೆಲಸ ಮಾಡುವ ಕಣ್ಣಿನ ಲೆಕ್ಕ ಹಿಡಿದರೆ ಜೇಡವೇ ಮುಂದೆ.

ಇಷ್ಟೆಲ್ಲ ಖರ್ಚು ಯಾಕೆ ಅನ್ನುವ ಪ್ರಶ್ನೆಗೆ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಒಂದು ಚೆಂದದ ಉತ್ತರ ಸಿಕ್ಕಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಸೈಕಲ್ ಕಳ್ಳತನ ಜಾಸ್ತಿ ಇತ್ತು. (ನನ್ನ ಸಮಾನದುಃಖಿಗಳು!) ಸಂಶೋಧಕರು ಮೂರು ಸೈಕಲ್ ನಿಲ್ದಾಣಗಳಲ್ಲಿ ಒಂದು ಜೊತೆ ದಿಟ್ಟಿಸುವ ಕಣ್ಣಿನ ಚಿತ್ರ ಅಂಟಿಸಿ, 'ಸೈಕಲ್ ಕಳ್ಳರೇ, ನಿಮ್ಮನ್ನು ನೋಡುತ್ತಿದ್ದೇವೆ' ಅಂತ ಬರೆದರು. ಬರೀ ಕಾಗದ. ಕರೆಂಟಿಲ್ಲ, ಕೇಬಲ್ ಇಲ್ಲ. ಆ ಜಾಗಗಳಲ್ಲಿ ಕಳ್ಳತನ ಶೇ. 62ರಷ್ಟು ಇಳಿಯಿತು. 2012ರಲ್ಲಿ ವರದಿಯನ್ನೂ ಪ್ರಕಟಿಸಿದರು. ನಮ್ಮ ನಗರಸಭೆಯವರು ಇಲ್ಲಿಗೆ ಓದು ನಿಲ್ಲಿಸಿದರೆ ಒಳ್ಳೆಯದು. ಯಾಕಂದರೆ ಮುಂದಿನ ಸಾಲಿನಲ್ಲಿ, ಕಣ್ಣು ಅಂಟಿಸದ ಉಳಿದ ಜಾಗಗಳಲ್ಲಿ ಕಳ್ಳತನ ಶೇ. 65ರಷ್ಟು ಏರಿತು ಅಂತಿದೆ. ಹೊಲದಲ್ಲಿ ಬೆದರುಬೊಂಬೆ ನಿಲ್ಲಿಸಿದರೆ ಹಕ್ಕಿ ಉಪವಾಸ ಬೀಳುವುದಿಲ್ಲ, ಪಕ್ಕದ ಹೊಲಕ್ಕೆ ಹೋಗುತ್ತದೆ.

ಕ್ಯಾಮೆರಾದಿಂದ ಏನೂ ಉಪಯೋಗವಿಲ್ಲ ಅಂದರೆ ಸುಳ್ಳಾದೀತು. 40 ವರ್ಷಗಳ ಅಧ್ಯಯನಗಳನ್ನು ಒಟ್ಟುಹಾಕಿ 2019ರಲ್ಲಿ ಲೆಕ್ಕ ಹಾಕಿದವರಿಗೆ ಅಪರಾಧ ಸುಮಾರು ಶೇ. 13ರಷ್ಟು ಕಡಿಮೆಯಾದದ್ದು ಕಂಡಿದೆ. ಫಲ ಜಾಸ್ತಿ ಸಿಕ್ಕಿದ್ದು ವಾಹನ ನಿಲುಗಡೆಯ ಜಾಗಗಳಲ್ಲಿ. ಹೊಡೆದಾಟ, ಹಲ್ಲೆಯಂಥವುಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಕಾರು ಕದಿಯುವವನು ಅತ್ತಿತ್ತ ನೋಡಿ ಲೆಕ್ಕ ಹಾಕುತ್ತಾನೆ. ಸಿಟ್ಟು ನೆತ್ತಿಗೇರಿದವನು ಕಂಬ ನೋಡುತ್ತಾನಾ? ಯಾರಾದರೂ ನಿಜವಾಗಿ ಕೂತು ನೋಡುತ್ತಿದ್ದ ಕಡೆ, ಬೀದಿದೀಪ, ಕಾವಲಿನಂಥವು ಜೊತೆಗಿದ್ದ ಕಡೆ ಫಲ ಇನ್ನೂ ಚೆನ್ನಾಗಿತ್ತಂತೆ. ಆದರೆ ಬೀದಿದೀಪದ ಉದ್ಘಾಟನೆಗೆ ಯಾರು ಬರುತ್ತಾರೆ?

ನಮ್ಮಲ್ಲಿ ಲೆಕ್ಕ ಇಷ್ಟು ಗೋಜಲಲ್ಲ. ಅಪರಾಧ ಇಳಿದರೆ ಕ್ಯಾಮೆರಾ ಫಲ ಕೊಟ್ಟಿದೆ, ಇನ್ನಷ್ಟು ಹಾಕಬೇಕು. ಏರಿದರೆ ಕ್ಯಾಮೆರಾ ಸಾಲುತ್ತಿಲ್ಲ, ಇನ್ನಷ್ಟು ಹಾಕಬೇಕು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅಂತ ಹಿಂದಿನವರನ್ನು ಆಡಿಕೊಳ್ಳುತ್ತೇವೆ. ಅವರು ಕೊನೆಗೂ ಬಾಗಿಲಾದರೂ ಹಾಕಿದರು. ನಾವು ತೆರೆದ ಬಾಗಿಲಿನ ವಿಡಿಯೊ ತೆಗೆಯುತ್ತೇವೆ.

ಈಗ ಮುಖ ಗುರುತಿಸುವ ಕ್ಯಾಮೆರಾ ತರುತ್ತಾರಂತೆ. ಅಮೆರಿಕದ ಟ್ಯಾಂಪಾ ನಗರದ ಪೊಲೀಸರು 2001ರಲ್ಲೇ ತಂದಿದ್ದರು. ಎರಡು ವರ್ಷ ಊರಿನ ಮುಖಗಳನ್ನೆಲ್ಲ ಸೋಸಿ, ಒಬ್ಬನನ್ನೂ ಬಂಧಿಸಲಾಗದೆ 2003ರಲ್ಲಿ ಕೈಬಿಟ್ಟರು. ಆಗ ತಂತ್ರಜ್ಞಾನ ಬಲಿತಿರಲಿಲ್ಲ ಅನ್ನಿ. 2018ರಲ್ಲಿ ಬಲಿತಿತ್ತು. ಚೀನಾದ ನಿಂಗ್ಬೊ ನಗರದಲ್ಲಿ, ಸಿಗ್ನಲ್ ಮುರಿದು ರಸ್ತೆ ದಾಟುವವರ ಮುಖವನ್ನು ಕ್ಯಾಮೆರಾ ಪತ್ತೆ ಹಚ್ಚಿ ದೊಡ್ಡ ಪರದೆಯ ಮೇಲೆ ಬಿತ್ತರಿಸುತ್ತಿತ್ತು. ಒಂದು ದಿನ ಡಾಂಗ್ ಮಿಂಗ್‌ಝು ಎಂಬ ಹೆಸರಾಂತ ಮಹಿಳಾ ಉದ್ಯಮಿಯ ಮುಖ ಹಾಕಿ ಮಾನ ಕಳೆಯಿತು. ಅವರು ಆ ರಸ್ತೆಯಲ್ಲಿ ಇರಲೇ ಇಲ್ಲ. ಜಾಹೀರಾತಿನಲ್ಲಿ ಅವರ ಚಿತ್ರ ಹೊತ್ತ ಬಸ್ಸೊಂದು ಹಾದುಹೋಗಿತ್ತು, ಅಷ್ಟೇ. ನಮ್ಮ ಬೀದಿಗಳಿಗೆ ಈ ಯಂತ್ರ ಬರಲಿ ಅಂತ ನನಗೂ ಆಸೆಯಿದೆ. ರಸ್ತೆ ತುಂಬ ಫ್ಲೆಕ್ಸ್ ಕಟ್ಟಿಸಿಕೊಂಡವರೆಲ್ಲ ಒಂದೇ ದಿನ ಸಿಕ್ಕಿಬೀಳುತ್ತಾರೆ.

ಇನ್ನು ಕ್ಯಾಮೆರಾವನ್ನೇ ಕಾಯುವವರು ಯಾರು? 2017ರ ಜನವರಿಯಲ್ಲಿ, ಅಮೆರಿಕದ ಹೊಸ ಅಧ್ಯಕ್ಷರ ಪ್ರಮಾಣವಚನಕ್ಕೆ ಕೆಲವೇ ದಿನ ಇರುವಾಗ, ವಾಷಿಂಗ್ಟನ್ ಪೊಲೀಸರ ಕ್ಯಾಮೆರಾಗಳ 187 ರೆಕಾರ್ಡರ್‌ಗಳಲ್ಲಿ 123ನ್ನು ದುಷ್ಕರ್ಮಿಗಳು ಇಂಟರ್ನೆಟ್ಟಿನ ಮೂಲಕ ಹೊಕ್ಕು ಲಾಕ್ ಮಾಡಿ ಹಣ ಕೇಳಿದ್ದರು. ಪೊಲೀಸರು ಹಣ ಕೊಡಲಿಲ್ಲ. ಎಲ್ಲವನ್ನೂ ಬಿಚ್ಚಿ, ಒರೆಸಿ, ಮತ್ತೆ ಹೊಸದಾಗಿ ಜೋಡಿಸಿದರು. ಕಳ್ಳರು ಕ್ಯಾಮೆರಾ ಕಣ್ಣು ತಪ್ಪಿಸುವ ಕಾಲ ಹೋಯಿತು. ಕಣ್ಣನ್ನೇ ಒತ್ತೆ ಇಟ್ಟುಕೊಳ್ಳುವ ಕಾಲ ಬಂತು.

ನನ್ನ ದೂರಿನ ಮೇಲೆ ಕ್ರಮ ಆಗಿದೆ, ಇಲ್ಲ ಅನ್ನಬಾರದು. ಮೊನ್ನೆ ಏಣಿ ಹೊತ್ತ ಇಬ್ಬರು ಬಂದು ಅದೇ ಕಂಬಕ್ಕೆ ಐದನೇ ಕ್ಯಾಮೆರಾ ಕೂರಿಸಿದರು. ನೇರ ಕೆಳಕ್ಕೆ ಮುಖ ಮಾಡಿದೆ. ಇದಕ್ಕೆ ಜೇಡ ಇನ್ನೂ ಬಂದಿಲ್ಲ, ತಾರೀಖೂ ಸರಿಯಾಗಿದೆಯಂತೆ. ಬುಡದಲ್ಲಿ ನನ್ನ ತುಂಡಾದ ಸರಪಳಿ ಹಾಗೇ ನೇತಾಡುತ್ತಿತ್ತು. ಬಿಚ್ಚಿಕೊಂಡು ಹೋಗೋಣ ಅಂತ ಬಗ್ಗಿದೆ. ಏಣಿಯ ಮೇಲಿದ್ದವನು ಕೂಗಿದ:

"ಮುಟ್ಟಬೇಡಿ ಸಾರ್, ರೆಕಾರ್ಡ್ ಆಗ್ತಿದೆ!"