ಒಸಡು ಊದಿದ್ರೆ ಗ್ರೂಪೆಲ್ಲಾ ಡಾಕ್ಟ್ರು

ಒಂದಿನ ಬೆಳಗ್ಗೆ ಹಲ್ಲುಜ್ಜೋಕೆ ಹೋದ್ರೆ ಎಡಗಡೆ ದವಡೆ ಹಲ್ಲಿನ ಬುಡದಲ್ಲಿ ಒಸಡು ಕೆಂಪಗೆ ಊದ್ಕೊಂಡಿದೆ, ಬ್ರಶ್ ತಾಗಿದ್ರೆ ರಕ್ತ. ಸುಮ್ನಿರಬೇಕಿತ್ತು, ಹೋಗಿ ಫ್ಯಾಮಿಲಿ ಗ್ರೂಪಲ್ಲಿ ಹೇಳ್ದೆ ನೋಡಿ. ಹತ್ತೇ ನಿಮಿಷ, ಅರಿಶಿನ ಬಂತು, ಬೇವು ಬಂತು, ಸೀಬೆ ಎಲೆ ಕಷಾಯ ಬಂತು, ಲವಂಗದೆಣ್ಣೆ, ನಿಂಬೆರಸ, ಬೆಳ್ಳುಳ್ಳಿ, ಅಡುಗೆಮನೆ ಡಬ್ಬಗಳೆಲ್ಲಾ ಸಾಲಾಗಿ ಬಂದು ನನ್ನ ಬಾಯಿ ಮುಂದೆ ಕ್ಯೂ ನಿಂತ್ವು. ಡಾಕ್ಟ್ರಿಗೆ ತೋರಿಸು ಅಂತ ಮಾತ್ರ ಒಬ್ರೂ ಅನ್ಲಿಲ್ಲ, ತೋರಿಸ್ಬಿಟ್ರೆ ಆಮೇಲೆ ಗ್ರೂಪಿಗೆ ಏನು ಕೆಲಸ.

ಎಲ್ಲಾ ಮದ್ದಿನ ಕೆಳಗೂ ಅದೇ ಸಾಲು, ನೂರಕ್ಕೆ ನೂರು ನ್ಯಾಚುರಲ್, ಸೈಡ್ ಎಫೆಕ್ಟ್ ಇಲ್ಲ. ಒಸಡಿನ ಸಂದೀಲಿ ಸಂಸಾರ ಹೂಡಿರೋ ಬ್ಯಾಕ್ಟೀರಿಯಾನೂ ನ್ಯಾಚುರಲ್ಲೇ ಅಲ್ವಾ ಅಂತ ಕೇಳೋಣ ಅನ್ಕೊಂಡೆ, ಹಿರಿಯರಿದ್ದಾರೆ ಅಂತ ಬಿಟ್ಟೆ. ನಿಂಬೆರಸದ ಪಿಎಚ್, ಅಂದ್ರೆ ಹುಳಿಯ ಅಳತೆ, ಕಮ್ಮಿ ಆದಷ್ಟೂ ಹುಳಿ ಜಾಸ್ತಿ, 2ರ ಆಸುಪಾಸು, ಬಾಯಿ ಪಿಎಚ್ 5.5ಕ್ಕಿಂತ ಕೆಳಗಿಳಿದ್ರೇನೇ ಹಲ್ಲಿನ ಮೇಲ್ಪದರ ಎನಾಮಲ್ ಕರಗೋಕೆ ಶುರು, ಆದ್ರೂ ಹಲ್ಲಿಗೆ ನಿಂಬೆಹಣ್ಣು ತಿಕ್ಕಬೇಕಂತೆ, ಹಲ್ಲೇ ಹೋದ್ಮೇಲೆ ಒಸಡಿನ ಚಿಂತೆ ಎಲ್ಲಿ.

ನಾನು ಆರಿಸ್ಕೊಂಡಿದ್ದು ಬೆಳ್ಳುಳ್ಳಿ. ಕಳ್ಸಿದ್ದು ದೊಡ್ಡಮ್ಮ, ಅವ್ರ ಬಾಯಲ್ಲಿ ಸ್ವಂತದ್ದು ಅಂತ ಒಂದು ಹಲ್ಲೂ ಉಳಿದಿಲ್ಲ, ಇರೋ ಸೆಟ್ಟು ರಾತ್ರಿ ಲೋಟದ ನೀರಲ್ಲಿ ಮಲಗುತ್ತೆ. ಆದ್ರೂ ನಂಬಿಕೆ ನೋಡಿ. ಎರಡೆಸಳು ಜಜ್ಜಿ ಊದಿರೋ ಜಾಗಕ್ಕೆ ಒತ್ತಿ ಮಲಗಿದೆ. ಉರಿ ಅಂದ್ರೆ ಉರಿ, ಕಣ್ಣಲ್ಲಿ ನೀರು, ಕೇಳಿದ್ರೆ "ಉರಿದ್ರೇನೇ ಕಣೋ ಕೆಲಸ ಮಾಡ್ತಿರೋದು" ಅಂದ್ರು. ಬೆಳಗ್ಗೆ ಕನ್ನಡೀಲಿ ನೋಡಿದ್ರೆ ಒಸಡು ಬೆಳ್ಳಗೆ, ಹಾಲಿನ ಕೆನೆ ಥರ ಸಿಪ್ಪೆ ಎದ್ದು ಬರ್ತಿದೆ. ಫೋಟೋ ಹಾಕ್ದೆ. "ನೋಡು, ವಿಷ ಎಲ್ಲಾ ಆಚೆ ಬರ್ತಿದೆ!" ಕೆಳಗೆ ಹನ್ನೊಂದು ನಮಸ್ಕಾರದ ಕೈಗಳು. ಅದು ವಿಷ ಅಲ್ಲ ಸ್ವಾಮಿ, ಸುಟ್ಟುಹೋದ ನನ್ನ ಒಸಡು. ನೀರು ಬೆರೆಸದ ಲವಂಗದೆಣ್ಣೆ, ಅಲ್ಲಲ್ಲ, ಬೇರೆ ಎಣ್ಣೇಲಿ ತೆಳು ಮಾಡದ ಲವಂಗದೆಣ್ಣೆ ಸುರ್ಕೊಂಡ್ರೂ ಇದೇ ಗತಿ. ಲವಂಗದಲ್ಲಿ ಯುಜಿನಾಲ್ ಇದೆ, ಮರಗಟ್ಟಿಸುತ್ತೆ, ಹಲ್ಲಿನ ಡಾಕ್ಟ್ರೂ ಅದನ್ನ ಜಿಂಕ್ ಆಕ್ಸೈಡ್ ಜೊತೆ ಕಲಸಿ ತಾತ್ಕಾಲಿಕ ಫಿಲ್ಲಿಂಗಿಗೆ ಬಳಸ್ತಾರೆ, ಅದೆಲ್ಲಾ ನಿಜ. ಆದ್ರೆ ನೋವು ಮರೆತುಹೋಗೋದು ಬೇರೆ, ರೋಗ ಹೋಗೋದು ಬೇರೆ.

ಪಾಪ ಉಪ್ಪುನೀರು ಮಾತ್ರ ನಿಯತ್ತಿನ ಪ್ರಾಣಿ. ಒಂದು ಲೋಟ ಬೆಚ್ಚನೆ ನೀರಿಗೆ ಅರ್ಧ ಚಮಚ, ಮುಕ್ಕಳಿಸಿ ಉಗುಳಿ, ಸ್ವಲ್ಪ ಹಿತ ಆಗುತ್ತೆ, ಡಾಕ್ಟ್ರೇ ಹೇಳ್ತಾರೆ. ಅದಕ್ಕೇ ಅದನ್ನ ಯಾರೂ ಫಾರ್ವರ್ಡ್ ಮಾಡಲ್ಲ, ಪವಾಡ ಇಲ್ವಲ್ಲ.

ಸಾಮಾನ್ಯವಾಗಿ ಊತಕ್ಕೆ ಕಾರಣ ಹಲ್ಲಿನ ಬುಡದಲ್ಲಿ ಕೂರೋ ಪಾಚಿ, ಬಿಟ್ರೆ ಕೆಲವೇ ದಿನದಲ್ಲಿ ಕಲ್ಲಿನ ಥರ ಕಿಟ್ಟ ಕಟ್ಟುತ್ತೆ, ಆಮೇಲೆ ಬ್ರಶ್ಶಿಗೂ ಬರಲ್ಲ ಬೇವಿನಕಡ್ಡಿಗೂ ಬರಲ್ಲ, ಕ್ಲೀನಿಂಗೇ ಮಾಡಿಸ್ಬೇಕು. ಅದರ ಮೇಲೆ ಅರಿಶಿನ ಮೆತ್ತೋದು ಕಟ್ಕೊಂಡಿರೋ ಮೋರಿ ಮೇಲೆ ರಂಗೋಲಿ ಬಿಟ್ಟ ಹಾಗೆ. ಇನ್ನು ಕೆಲವರಿಗೆ ಬಿಪಿಗೆ ತಗೊಳ್ಳೋ ಆಮ್ಲೊಡಿಪಿನ್ ಮಾತ್ರೆಯಿಂದಾನೂ ಒಸಡು ಊದಬಹುದು, ಅಲ್ಲಿ ಸೀಬೆ ಎಲೆ ಏನು ಕಿಸೀಬೇಕು? ಕೀವು ಒಡೆದು ಒಂದಿನ ನೋವು ಇಳೀತು ಅನ್ಕೊಳ್ಳಿ, ಹೆಸರು ಕಷಾಯಕ್ಕೆ. ಒಳಗೆ ಮೂಳೆ ಸವೆದು ಹಲ್ಲು ಅಲ್ಲಾಡಿದ್ರೆ ನಿನ್ನ ಹಣೆಬರಹ.

ಕೊನೆಗೆ ಕದ್ದು ಹೋಗಿ ತೋರಿಸ್ದೆ. ಡಾಕ್ಟ್ರು ಬಾಯಿ ತೆರೆಸಿ ಏನೇನ್ ಹಚ್ಚಿದ್ರಿ ಅಂದ್ರು, ನಾನು ಹೇಳ್ತಾ ಹೋದೆ, ಅವ್ರು ಬರ್ಕೊಳ್ಳೋದನ್ನ ಅರ್ಧಕ್ಕೆ ನಿಲ್ಲಿಸಿ ಪೆನ್ ಕೆಳಗಿಟ್ರು. ಕಿಟ್ಟ ಕೆರೆದು ತೆಗೆದ್ರು, ಒಂದು ವಾರಕ್ಕೆ ಊತ ಇಳೀತು.

ಗ್ರೂಪಲ್ಲಿ ನಿಜ ಒಪ್ಕೊಂಡೆ. ಐದು ನಿಮಿಷ ಸೈಲೆಂಟು. ಆಮೇಲೆ ದೊಡ್ಡಮ್ಮ ಟೈಪಿಸಿದ್ರು: "ಬೆಳ್ಳುಳ್ಳಿ ಮೊದಲೇ ಸಡಿಲ ಮಾಡಿತ್ತಲ್ಲ, ಅದಕ್ಕೇ ಡಾಕ್ಟ್ರಿಗೆ ಅಷ್ಟು ಸಲೀಸಾಗಿ ಬಂತು."