ಇಬ್ಬನಿಯ ಜೊತೆ ಜಗಳ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತದೆ ಎನ್ನುವುದು ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಹಾಗಾಗಿ ಜನವರಿ ಮುಗಿಯುತ್ತಾ ಬಂದಂತೆ ಒಂದು ಜಾತಿಯ ಜನಕ್ಕೆ ಗಾಬರಿ ಹತ್ತಿಕೊಳ್ಳುತ್ತದೆ. ಡಿಸೆಂಬರ್ ಪೂರ್ತಿ ರಗ್ಗಿನೊಳಗೇ ಕಳೆದವರು, ಚಳಿಯ ಸ್ಟಾಕು ತೀರುವ ಮುಂಚೆ ಒಂದು ಬೆಟ್ಟ, ಒಂದು ಕೆರೆ, ಒಂದು ಬೆಂಕಿ ಆಗಿಹೋಗಲಿ ಅಂತ ಮೂರನ್ನೂ ಒಂದೇ ವಾರಾಂತ್ಯಕ್ಕೆ ತುರುಕುತ್ತಾರೆ. ಮೂರೂ ಕಡೆ ಅವರಿಗಿಂತ ಮೊದಲೇ ಹೋಗಿ ಕೂತಿರುವುದು ಇಬ್ಬನಿ.

ಎಡವಟ್ಟು ಅಲಾರಂನಿಂದಲೇ ಶುರು. ಡಿಸೆಂಬರ್ 21 ಕಳೆಯಿತು, ಎಳ್ಳುಬೆಲ್ಲವನ್ನೂ ತಿಂದಾಯಿತು, ಇನ್ನು ಸೂರ್ಯ ಬೇಗ ಏಳುತ್ತಾನೆ ಎಂದು ನಂಬಿ ನಾಲ್ಕಕ್ಕೇ ಹೊರಡುವವರಿದ್ದಾರೆ. ಸೂರ್ಯನಿಗೆ ಆ ಆತುರವಿಲ್ಲ. ಬೆಂಗಳೂರಿನ ಕಡೆ ಅವನು ವರ್ಷದಲ್ಲೇ ಅತಿ ತಡವಾಗಿ ಮುಖ ತೋರಿಸುವುದು ಜನವರಿ ಕೊನೆಯ ವಾರದಲ್ಲಿ, ಸುಮಾರು 6.45ಕ್ಕೆ. ಜನವರಿಯ ಮೊದಲ ವಾರ ಭೂಮಿ ಸೂರ್ಯನಿಗೆ ಅತಿ ಹತ್ತಿರವಿದ್ದು ಜೋರಾಗಿ ಓಡುತ್ತಿರುತ್ತದೆ. ಅದಕ್ಕೆ ಅಕ್ಷದ ಓರೆಯೂ ಸೇರಿ, ಗಡಿಯಾರದ ಲೆಕ್ಕದಲ್ಲಿ ಮಧ್ಯಾಹ್ನವೇ ದಿನದಿನಕ್ಕೆ ತಡವಾಗುತ್ತಾ ಹೋಗುತ್ತದೆ. ಹಗಲು ಬೆಳೆಯುವುದೇನೋ ನಿಜ, ಆದರೆ ಸದ್ಯಕ್ಕೆ ಸಂಜೆಯ ತುದಿಯಲ್ಲಿ ಮಾತ್ರ. ಐದಕ್ಕೇ ತುದಿ ಮುಟ್ಟಿದವರು ಒಂದೂಮುಕ್ಕಾಲು ಗಂಟೆ ಹಲ್ಲು ಕಟಕಟಿಸಬೇಕು. 6.15ಕ್ಕೆ ಮೇಲಿದ್ದರೆ ಧಾರಾಳ. ಕೆಂಪು ಏರುವುದು ಉದಯಕ್ಕೆ ಇಪ್ಪತ್ತು-ಇಪ್ಪತ್ತೆರಡು ನಿಮಿಷ ಮೊದಲು.

ಇನ್ನು ಬಟ್ಟೆಯ ವಿಷಯ. ನಂದಿಬೆಟ್ಟ 1,478 ಮೀಟರ್, ಮೇಲೆ ಇನ್ನೆಷ್ಟು ಚಳಿಯೋ ಎಂದು ಬುಡದಲ್ಲೇ ಬನಿಯನ್, ಶರ್ಟು, ಸ್ವೆಟರ್, ಜಾಕೆಟ್ಟು ಒಂದರ ಮೇಲೊಂದು ಏರಿಸಿ ಮೆಟ್ಟಿಲು ಹತ್ತುತ್ತಾರೆ. ಗಾಳಿಯಿಲ್ಲದ ರಾತ್ರಿ ತಣ್ಣನೆಯ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ತಗ್ಗಿನಲ್ಲಿ ಶೇಖರವಾಗುವುದರಿಂದ, ಎಷ್ಟೋ ಸಲ ಬುಡದ ಹೊಲವೇ ಮೇಲಿಗಿಂತ ತಣ್ಣಗಿರುತ್ತದೆ. ಅರ್ಧ ದಾರಿಗೆ ಬನಿಯನ್ ಹಿಂಡಿದರೆ ಬೆವರು ಇಳಿಯಬೇಕು, ಹಾಗಾಗಿರುತ್ತದೆ. ತುದಿಗೆ ಹೋಗಿ ಕೂತಾಗ ಬೀಸುಗಾಳಿ ಆ ಒದ್ದೆ ಹತ್ತಿಯನ್ನು ಹುಡುಕಿಕೊಂಡು ಬರುತ್ತದೆ. ಸ್ವಲ್ಪ ಚಳಿಯಾಗುವಂತೆ ಹೊರಡುವುದೇ ಸರಿ. ಹತ್ತು ನಿಮಿಷ ನಡೆದರೆ ಮೈ ತಾನೇ ಕಾಯುತ್ತದೆ. ಒಣ ಬನಿಯನ್ ಒಂದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು, ಮೇಲೆ ಮುಟ್ಟಿದ ತಕ್ಷಣ ಬದಲಿಸಬೇಕು. ಆಮೇಲೆ ನೋಡೋಣ ಎಂದರೆ, ಎಲ್ಲರ ಕ್ಯಾಮೆರಾ ಪೂರ್ವಕ್ಕೆ ತಿರುಗಿದ ಹೊತ್ತಿಗೇ ನಿಮ್ಮ ತಲೆ ಬನಿಯನ್ನಿನ ಕತ್ತಿನಲ್ಲಿ ಸಿಕ್ಕಿಕೊಂಡಿರುತ್ತದೆ.

ಅಷ್ಟೆಲ್ಲ ಮಾಡಿದರೂ ಮಂಜು ಬಿಡಬೇಕಲ್ಲ. ಸೂರ್ಯ ಎದ್ದೊಡನೆ ಅದು ಕರಗುವುದಿಲ್ಲ; ಮೊದಲ ಬಿಸಿಲು ಕೆಳಗಿನ ತೇವದ ಗಾಳಿಯನ್ನು ಕಲಕುವುದರಿಂದ ಒಂದಿಷ್ಟು ಹೊತ್ತು ಇನ್ನೂ ದಟ್ಟವಾಗುವುದುಂಟು. ಕತ್ತಲಲ್ಲಿ ಬಂದು ಕಾದವರಿಗೆ ಸುಣ್ಣ ಬಳಿದ ಗೋಡೆ. ಇಡ್ಲಿ ತಿಂದು ಎಂಟಕ್ಕೆ ಆರಾಮಾಗಿ ಬಂದವರಿಗೆ ಕಾಲ ಕೆಳಗೆ ಹಾಲಿನ ಸಮುದ್ರ. ಇದಕ್ಕೆ ನ್ಯಾಯ ಕೇಳುವ ಜಾಗ ಎಲ್ಲೂ ಇಲ್ಲ. ಈ ನಡುವೆ ಕನ್ನಡಕದವರು ಮಫ್ಲರನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು ತಮ್ಮದೇ ಸ್ವಂತ ಮಂಜು ತಯಾರಿಸುತ್ತಿರುತ್ತಾರೆ. ಮಫ್ಲರು ಮೂಗಿನ ಕೆಳಗಿರಲಿ, ಉಸಿರು ಕೆಳಮುಖವಾಗಿ ಹೋಗಲಿ.

ಕೆರೆಗೆ ಹೋಗುವವರ ಗೋಳು ಬೇರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಮಂಗೋಲಿಯಾ, ಟಿಬೆಟ್ ಕಡೆಯಿಂದ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ, ಬೇಸಗೆ ಬಲಿಯುವ ಮುಂಚೆ ಗಂಟುಮೂಟೆ ಕಟ್ಟುತ್ತವೆ. 2024ರಲ್ಲಿ ಈ ಕೆರೆಗೆ ರಾಮ್ಸರ್ ಪಟ್ಟವೂ, ಅಂದರೆ ಜಗತ್ತಿನ ಮಹತ್ವದ ಜೌಗು ತಾಣಗಳ ಪಟ್ಟಿಯಲ್ಲಿ ಜಾಗವೂ ಸಿಕ್ಕಿತು. ಹೆಬ್ಬಾತಿನ ತಲೆಯ ಹಿಂದಿನ ಎರಡು ಕಪ್ಪು ಪಟ್ಟೆ ಕಾಣಬೇಕಾದರೆ ಬೆಳಿಗ್ಗೆ ನಿಮ್ಮ ಬೆನ್ನಿಗೆ ಸೂರ್ಯನಿರಬೇಕು, ಅಂದರೆ ನೀವು ಕೆರೆಯ ಪೂರ್ವ ದಂಡೆಯಲ್ಲಿರಬೇಕು. ಪಶ್ಚಿಮದಲ್ಲಿ ನಿಂತರೆ ಹೆಬ್ಬಾತೂ ಒಂದೇ, ನೀರುಕಾಗೆಯೂ ಒಂದೇ, ತೇಲುವ ಮಡಕೆಯೂ ಒಂದೇ. ಏರಿಯ ನೆತ್ತಿಯಲ್ಲಿ ಬಿಳಿ ಶರ್ಟು ತೊಟ್ಟು ನಡೆದರೆ ಆಕಾಶದ ಮುಂದೆ ಧ್ವಜಸ್ತಂಭದಂತೆ ಕಾಣುತ್ತೀರಿ. ಪಕ್ಕದ ಇಳಿಜಾರಿನಲ್ಲಿ ಬಗ್ಗಿ ಹೋಗುವುದು ಲೇಸು. ಆದರೆ ಆ ಇಳಿಜಾರಿನಲ್ಲಿ ಉತ್ತರಾಣಿ ಇರುತ್ತದೆ. ಅದರ ಬೀಜ ಕಾಲುಚೀಲಕ್ಕೆ ಹತ್ತಿಕೊಂಡರೆ ಉಗುರಿನಿಂದ ಒಂದೊಂದೇ ಕೀಳುತ್ತಾ ಕೂರಬೇಡಿ, ಹಳೆಯ ಬಾಚಣಿಗೆ ಎಳೆಯಿರಿ, ಸಾಲುಸಾಲಾಗಿ ಉದುರುತ್ತವೆ. ಈಟಿಮೊನೆಯ ಹುಲ್ಲಿನ ಬೀಜ ಇನ್ನೂ ಖದೀಮ. ಅದರ ಬಾಲ ಒಣಗಿದಾಗ ಸುರುಳಿ ಸುತ್ತುತ್ತದೆ, ಇಬ್ಬನಿ ತಾಗಿದರೆ ಬಿಚ್ಚಿಕೊಳ್ಳುತ್ತದೆ. ಹೀಗೆ ತಿರುಗುತ್ತಾ ತಿರುಗುತ್ತಾ ಮೊನೆ ಮಣ್ಣಿಗೆ ಇಳಿಯಲಿ ಎಂಬುದು ಹುಲ್ಲಿನ ಯೋಜನೆ. ಸದ್ಯಕ್ಕೆ ಸಿಕ್ಕಿದ್ದು ನಿಮ್ಮ ಹಿಮ್ಮಡಿ.

ಉಳಿದದ್ದು ಬೆಂಕಿ. ಕಾಡಿನಲ್ಲಂತೂ ಬೇಡವೇ ಬೇಡ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ, ಫೆಬ್ರವರಿಯ ಒಣಹುಲ್ಲಿಗೆ ಒಂದು ಕಿಡಿ ಸಾಕು. ಹಿತ್ತಿಲಲ್ಲೋ ತೋಟದಲ್ಲೋ ಹಚ್ಚಿ, ಸುತ್ತ ಎರಡು ಮಾರು ತರಗೆಲೆ ಗುಡಿಸಿ. ಹೊತ್ತದಿರುವುದಕ್ಕೆ ಮುಖ್ಯ ಕಾರಣ ಹಿಂದಿನ ರಾತ್ರಿ ಸೌದೆಯನ್ನು ಬಯಲಲ್ಲಿ ಬಿಟ್ಟದ್ದು. ಮೋಡವಿಲ್ಲದ ರಾತ್ರಿ ಆಕಾಶಕ್ಕೆ ತೆರೆದಿಟ್ಟ ವಸ್ತುವೆಲ್ಲ ತನ್ನ ಬಿಸಿಯನ್ನು ಮೇಲಕ್ಕೆ ಬಿಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಆಗ ಅದರ ಮೇಲೆ ನೀರು ಕೂರುತ್ತದೆ. ಮರದ ಕೆಳಗಿಟ್ಟದ್ದಕ್ಕೆ ಎಲೆಗಳೇ ಚಾವಣಿ, ಅದು ಒಣಗಿಯೇ ಇರುತ್ತದೆ. ಹಕ್ಕಿಗಳ ಪ್ರಸಾದ ಬೀಳಬಹುದು, ಉರಿಯುವುದಕ್ಕೇನೂ ಅಡ್ಡಿಯಿಲ್ಲ.

ಕಡ್ಡಿಯನ್ನು ಮುರಿದು ನೋಡಿ. ಟಕ್ ಅಂದರೆ ಒಣಗಿದ್ದು, ಬಳುಕಿದರೆ ಎಸೆಯಿರಿ. ಮಣಿಕಟ್ಟು ದಪ್ಪದ ಎರಡು ಕೊರಡನ್ನು ಗೇಣು ಅಂತರದಲ್ಲಿ ಮಲಗಿಸಿ, ಇಲ್ಲದಿದ್ದರೆ ತೇವದ ನೆಲವೇ ಬಿಸಿಯನ್ನು ಕುಡಿದುಬಿಡುತ್ತದೆ. ನಡುವೆ ಒಂದು ಹಿಡಿ ತೆಂಗಿನ ನಾರು, ಅದನ್ನು ಗೂಡಿನ ಹಾಗೆ ಸಡಿಲ ಬಿಡಿಸಿ. ಮೇಲೆ ಬೆಂಕಿಕಡ್ಡಿ ದಪ್ಪದ ಪುಳ್ಳೆ ಎರಡು ಹಿಡಿ, ಅದು ಹಿಡಿದ ಮೇಲೆ ಪೆನ್ಸಿಲ್ ದಪ್ಪದ್ದು, ಆಮೇಲೆ ಹೆಬ್ಬೆರಳು. ದಿಮ್ಮಿಯ ಸರದಿ ಬರುವುದು ಹತ್ತು ನಿಮಿಷ ಕಳೆದು. ಈ ಹತ್ತು ನಿಮಿಷ ಕಾಯಲಾಗದ ಒಬ್ಬರು ಪ್ರತಿ ಗುಂಪಿನಲ್ಲೂ ಇರುತ್ತಾರೆ, ಅವರ ಕೈಯಲ್ಲಿ ಪತ್ರಿಕೆಯ ಬಣ್ಣದ ಪುರವಣಿಯೂ ಇರುತ್ತದೆ. ಆ ನುಣುಪು ಕಾಗದಕ್ಕೆ ಜೇಡಿಯ ಲೇಪ ಇರುವುದರಿಂದ ಅದು ಉರಿಯುವುದಕ್ಕಿಂತ ಕರಕಲು ಹಾಳೆಯಾಗಿ ಬೆಂಕಿಯ ಮೇಲೆ ಹೊದಿಕೆ ಹಾಸುತ್ತದೆ. ಸೀಮೆಎಣ್ಣೆ ಸುರಿದರೆ ಎಣ್ಣೆ ಉರಿಯುತ್ತದೆ, ಒದ್ದೆ ಸೌದೆ ನೋಡುತ್ತಾ ಕೂತಿರುತ್ತದೆ. ಪೆಟ್ರೋಲಿನ ತಂಟೆಗೆ ಹೋಗಲೇಬೇಡಿ, ಅದರ ಆವಿ ಹೊತ್ತುವಾಗ ಹುಬ್ಬಿನ ಅನುಮತಿ ಕೇಳುವುದಿಲ್ಲ. ಸುತ್ತ ಇಡಲು ಹೊಳೆಯ ಕಲ್ಲೂ ಬೇಡ, ಒಳಗೆ ನೀರು ಸೇರಿದ್ದರೆ ಬಿಸಿಗೆ ಸಿಡಿಯುತ್ತದೆ.

ಹೊಗೆ ಮಾತ್ರ ಎಲ್ಲಿ ಕೂತರೂ ನನ್ನ ಕಡೆಗೇ ಬರುತ್ತದೆ ಎಂದು ಎಲ್ಲರೂ ದೂರುತ್ತಾರೆ, ಅದರಲ್ಲಿ ನಿಜವಿದೆ. ಬೆಂಕಿ ನಾಲ್ಕೂ ಕಡೆಯಿಂದ ಗಾಳಿ ಎಳೆದುಕೊಳ್ಳುತ್ತದೆ. ನೀವು ಕೂತ ಕಡೆ ಮೈ ಅಡ್ಡವಾಗಿ ಎಳೆತ ಕುಂದುತ್ತದೆ, ಹೊಗೆ ಅತ್ತ ವಾಲುತ್ತದೆ. ಜಾಗ ಬದಲಿಸಿದರೆ ಅಡ್ಡವೂ ನಿಮ್ಮ ಜೊತೆಗೇ ಬಂತಲ್ಲ. ನಿಮಗಿಂತ ದೊಡ್ಡದೊಂದು ಗೋಡೆಯೋ ಬಂಡೆಯೋ ಇರುವ ಕಡೆ ಬೆಂಕಿ ಹಾಕಿ ಎದುರಿಗೆ ಕೂತರೆ, ಹೊಗೆ ಬಹುಮಟ್ಟಿಗೆ ಆ ಕಡೆಗೇ ವಾಲುತ್ತದೆ.

ಮಲಗುವ ಮುಂಚೆ ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ಸುರಿದು, ಅಂಗೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿದು ನೋಡಿ. ಇನ್ನೂ ಬಿಸಿ ತಾಗಿದರೆ ಇನ್ನೊಂದು ಬಕೆಟ್. ಇದಿಷ್ಟು ಮುಗಿಸಿ ಬೆನ್ನು ನೀಡೋಣ ಎಂದು ಕುರ್ಚಿಯತ್ತ ತಿರುಗಿದರೆ, ಅಲ್ಲಿ ಆಗಲೇ ಇಬ್ಬನಿ ಕೂತಿರುತ್ತದೆ.